ಸಿನಿಮಾದವರು ನಮ್ಮ ಡಬ್ಬಿಗೆ ಕೈ ಹಾಕಿದ್ದು

ಇನ್ನೊಬ್ಬರ ವಿಷಯ ಮಾತಾಡುವ ಚಾಳಿ ನನಗಿಲ್ಲ. ನನಗ್ಯಾಕೆ ಬೇಕು ಹೇಳಿ! ನಾನಾಯಿತು, ನನ್ನ ಟೇಬಲ್ ಆಯಿತು. ಅರಸೀಕೆರೆಯಲ್ಲಿ ತೆಂಗು ಬೆಳೆಗಾರರ ಸಂಘವೊಂದಕ್ಕೆ ಗುಮಾಸ್ತೆಯಾಗಿ ಸೇರಿದಾಗಿನಿಂದ ಹೀಗೆಯೇ ಬಾಳಿದ್ದೇನೆ. ಪಕ್ಕದ ಟೇಬಲ್ಲಿನ ಸುಶೀಲ ದಿನಾ ಹಾರನಹಳ್ಳಿಯಿಂದ ತಡವಾಗಿ ಬಂದು ಟೆಂಪೋದವನ ಮೇಲೆ ತಪ್ಪು ಹೊರಿಸುತ್ತಾಳೆ. ಟೆಂಪೋ ಸರಿಯಾದ ಹೊತ್ತಿಗೇ ಬರುತ್ತದೆ ಎಂದು ಗೊತ್ತಿದ್ದೂ ನಾನು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ಸೆಕ್ರೆಟರಿ ರುದ್ರಪ್ಪನವರಿಗೆ ಒಂದು ಸಲ ಹೇಳಿದ್ದೆ, ಅದೂ ಅವರೇ ಕೇಳಿದರೆಂದು. ಅವರು ಕೇಳಿದ್ದು ಬೇರೇನೋ ಇತ್ತು, ಇರಲಿ. ಇಂಥ ನನ್ನನ್ನು ಸಿನಿಮಾದವರು ಎಂಥ ಗತಿಗೆ ತಂದು ಹೋದರು ಎಂದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆಗೆ ಕ್ಯಾಮೆರಾ ಹಿಡಿದು ಬರುವವರೆಲ್ಲ ಬೇಲೂರು, ಹಳೇಬೀಡು ಎಂದು ಓಡುವವರು. ಅರಸೀಕೆರೆಯಲ್ಲಿ ಇಳಿದರೂ ಕಾಫಿ ಕುಡಿಯಲಿಕ್ಕೆ ಅಷ್ಟೇ. ಹಾಗಾಗಿ ಒಂದು ದಿನ ಗಡ್ಡ ಬಿಟ್ಟ ಡೈರೆಕ್ಟರ್ ನಮ್ಮ ಆಫೀಸಿನ ಒಳಗೇ ಬಂದು ಸುತ್ತ ನೋಡತೊಡಗಿದಾಗ ದಾರಿ ತಪ್ಪಿರಬೇಕು ಎಂದುಕೊಂಡು, "ದೇವಸ್ಥಾನಕ್ಕೆ ಬಸ್ ಸ್ಟ್ಯಾಂಡಲ್ಲೇ ಬಸ್ ಸಿಗುತ್ತಪ್ಪ" ಎಂದೆ. ಆತ ನಕ್ಕು, "ನಮ್ಗೆ ದೇವಸ್ಥಾನ ಬೇಡ ಮೇಡಂ, ಆಫೀಸೇ ಬೇಕು. ಒಂದು ಆಫೀಸು, ಅದರೊಳಗಿನ ಜನ, ಅಷ್ಟೇ ನಮ್ಮ ಕತೆ. ಫುಲ್ ಕಾಮಿಡಿ" ಎಂದ. ನಮ್ಮ ಆಫೀಸಿನಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅವರು ಬರುತ್ತಾರೆಂದು ನಾವೆಲ್ಲ ಸೇರಿ ಜೇಡರ ಬಲೆ ಹೊಡೆದು ಗೋಡೆಗೆ ಸುಣ್ಣ ಬಳಿಸಿದೆವು. ಸೆಟ್ ನೋಡಿಕೊಳ್ಳುವವನು ಬಂದವನೇ ತಲೆಯ ಮೇಲೆ ಕೈ ಹೊತ್ತು, "ಇದು ಆಫೀಸ್ ಥರಾನೇ ಕಾಣ್ತಿಲ್ವಲ್ಲ ಸಾರ್!" ಎಂದ. ಚೀಲದಲ್ಲಿ ಧೂಳು ತರಿಸಿ ಎರಚಿದ. ಬಲೆಯನ್ನು ಹತ್ತಿಯಲ್ಲಿ ಎಳೆದು ಅಂಟಿಸಿದ. ಸೆಕ್ರೆಟರಿ ಪಾತ್ರದವನು ಮೀಸೆ ಅಂಟಿಸಿಕೊಂಡು ರುದ್ರಪ್ಪನವರ ಕುರ್ಚಿಯಲ್ಲಿ ಕೂತ. ಗೆಂಡೆಹಳ್ಳಿ ಕಡೆಯ ರೈತರೊಬ್ಬರು ಅವನ ಮುಂದೆಯೇ ಕೈ ಕಟ್ಟಿ ನಿಂತು, "ಸ್ವಾಮಿ, ನಮ್ ಕೊಬ್ರಿ ತೂಕದ್ದು ಒಂದ್ ತಕರಾರೈತೆ" ಎಂದು ಪೂರ್ತಿ ಹೇಳಿಕೊಂಡರು. ಅವನು ಗಂಭೀರವಾಗಿ ತಲೆದೂಗಿದ. ರೈತರು ಖುಷಿಯಾಗಿ ಹೋದರು. ರುದ್ರಪ್ಪನವರು ಅಲ್ಲೇ ಗೋಡೆಗೆ ಒರಗಿ ನಿಂತಿದ್ದರು, ಪಾಪ.

ನನ್ನ ಪಾಲಿಗೆ ಬಂದವಳು ಸ್ವರೂಪಾ ಎಂಬ ನಟಿ. ಗುಮಾಸ್ತೆಯ ಪಾತ್ರ ಅವಳದು. ಶೂಟಿಂಗಿಗೆ ಮೊದಲೇ ಬಂದು ನಮ್ಮ ಜೊತೆ ಕೂತು ನಾವು ಹೇಗಿರುತ್ತೇವೆ ಎಂದು ನೋಡಿ ಕಲಿಯಬೇಕಂತೆ. "ಅಕ್ಕಾ, ನಿಮ್ಮ ಪಕ್ಕದಲ್ಲೇ ಕೂತ್ಕೊಳ್ಲಾ?" ಎಂದಳು. ಅಕ್ಕಾ ಅಂದರೆ ನಾನು ಕರಗುವವಳೇ. ಮನೆಗೆ ಕರೆದುಕೊಂಡು ಹೋಗಿ ಅಕ್ಕಿರೊಟ್ಟಿ ತಟ್ಟಿ ಹಾಕಿದೆ. ಅವಳು ಕೇಳಿದಳೆಂದು ನನ್ನ ಹಸಿರು ಕಾಟನ್ ಸೀರೆಯನ್ನೂ ಕೊಟ್ಟೆ. "ಪಾತ್ರಕ್ಕೆ ಏನಾದ್ರೂ ಹೇಳಿ ಅಕ್ಕಾ" ಎಂದು ಪೀಡಿಸಿದಾಗ, ಗುಮಾಸ್ತೆ ಎಂದ ಮೇಲೆ ಸುಶೀಲಳನ್ನೇ ಮಾಡಲಿ ಎಂದು, ನನಗ್ಯಾಕೆ ಎನ್ನುತ್ತಲೇ, ಅವಳ ಬಗ್ಗೆ ಒಂದಿಷ್ಟು ಹೇಳಿದೆ. ಸುಶೀಲಳದು ಮುಗಿದ ಮೇಲೆ ರುದ್ರಪ್ಪನವರದೂ ಸ್ವಲ್ಪ. ಸ್ವರೂಪಾ ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ನಾನು ಹೇಳಿದ್ದನ್ನು ಕೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಹೇಳುವ ನನ್ನನ್ನು ನೋಡುತ್ತಿದ್ದಳು ಎಂದು ಯಾರಿಗೆ ಗೊತ್ತಿತ್ತು?

ನಮ್ಮಲ್ಲಿ ಮಧ್ಯಾಹ್ನ ಎಲ್ಲರೂ ಎರಡು ಟೇಬಲ್ ಕೂಡಿಸಿ ಡಬ್ಬಿ ಬಿಚ್ಚುವುದು ರೂಢಿ. ಆಫೀಸಿನಲ್ಲಿ ನನಗೆ ಸುಖವೆಂದು ಇದ್ದದ್ದು ಅದೊಂದೇ. ಮನೆಯಲ್ಲಿ ನಮ್ಮವರು ಟಿವಿಯನ್ನು ನೋಡಿಕೊಂಡು ಉಣ್ಣುವವರು, ತಟ್ಟೆಯಲ್ಲಿ ಏನಿದೆ ಎಂದೂ ನೋಡುವುದಿಲ್ಲ. ಇಲ್ಲಾದರೆ ಹತ್ತು ಮಾತು, ಹತ್ತು ರುಚಿ. ನಾನು ಚಮಚ ಹಿಡಿದು ಒಬ್ಬೊಬ್ಬರ ಡಬ್ಬಿಯನ್ನೂ ರುಚಿ ನೋಡಿ, ಇದಕ್ಕೆ ಹುಳಿ ಮುಂದು, ಇದಕ್ಕೆ ಖಾರ ಹಿಂದು ಎಂದು ತಿಳಿಸಿಕೊಡುತ್ತಿದ್ದೆ. ಒಳ್ಳೆಯದಕ್ಕೇ ತಾನೇ? ಬೇರೆಯವರು ಬಾಯಿ ಮುಚ್ಚಿಕೊಂಡು ಕೆಟ್ಟದ್ದನ್ನೇ ತಿನ್ನುತ್ತಿದ್ದರು. ನನ್ನ ಡಬ್ಬಿಯಲ್ಲಿ ಚಿತ್ರಾನ್ನ. ಬೆಳಗಿನ ಗಡಿಬಿಡಿಯಲ್ಲಿ ಅದೇ ಆಗುವುದು. ಅದರ ಬಗ್ಗೆ ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬರೂ ಒಂದು ಕೊಂಕು ಆಡಿಲ್ಲ.

ಹೊರಡುವಾಗ ಸ್ವರೂಪಾ ನನ್ನ ಕಾಲಿಗೆ ನಮಸ್ಕರಿಸಿದಳು. "ನನ್ನ ಹೆಸರು ಬರುತ್ತೇನಮ್ಮ ಪರದೆ ಮೇಲೆ?" ಎಂದು ಮೆಲ್ಲಗೆ ಕೇಳಿದೆ. "ಖಂಡಿತ ಅಕ್ಕಾ, ಡೈರೆಕ್ಟರಿಗೆ ಹೇಳ್ತೀನಿ" ಎಂದಳು. ಅಂದಿನಿಂದ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದೇ ಹೇಳಿದ್ದು.

ಸಿನಿಮಾ ನಮ್ಮೂರಿನ ಟಾಕೀಸಿಗೆ ಬಂದಾಗ ಇಡೀ ಆಫೀಸು ಒಂದೇ ಸಾಲಿನಲ್ಲಿ ಕೂತೆವು. ನನ್ನ ಒಂದು ಪಕ್ಕ ನಮ್ಮನೆಯವರು, ಇನ್ನೊಂದು ಪಕ್ಕ ಸುಶೀಲ. ಸ್ವರೂಪಾ ಪರದೆ ಮೇಲೆ ಬಂದು, "ನನಗ್ಯಾಕೆ ಬೇಕು ಹೇಳಿ!" ಎಂದು ಶುರು ಮಾಡಿದ್ದೇ ತಡ, ಟಾಕೀಸು ಟಾಕೀಸೇ ಗೊಳ್ಳೆಂದಿತು. ನಾನೂ ನಕ್ಕೆ. ಅಬ್ಬಾ, ಸುಶೀಲಳನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾಳೆ ಹುಡುಗಿ! ಉಟ್ಟಿದ್ದು ಮಾತ್ರ ನನ್ನ ಹಸಿರು ಸೀರೆ. ಸುಶೀಲಳ ಹತ್ತಿರ ಅಷ್ಟು ಒಳ್ಳೆಯ ಸೀರೆ ಎಲ್ಲಿಂದ ಬರಬೇಕು, ಅದಕ್ಕೇ ಇರಬೇಕು ಎಂದುಕೊಂಡೆ. ಆಮೇಲೆ ಆಫೀಸಿನವರೆಲ್ಲ ಹುಲಿಕೆರೆಯ ಕಲ್ಯಾಣಿಗೆ ಟ್ರಿಪ್ ಹೋಗುವ ದೃಶ್ಯ. ಮೆಟ್ಟಿಲುಗಳ ಮೇಲೆ ಎಲ್ಲರೂ ಡಬ್ಬಿ ಬಿಚ್ಚಿ ಕೂತರೆ ಇವಳು ಚಮಚ ಹಿಡಿದು ಮೆಟ್ಟಿಲು ಮೆಟ್ಟಿಲೂ ಇಳಿಯುತ್ತಾ, "ರುಚಿ ನೋಡ್ತೀನಿ ಅಷ್ಟೇ" ಎನ್ನುತ್ತಾ, ಒಬ್ಬೊಬ್ಬರ ಊಟಕ್ಕೂ ಹೆಸರಿಡುತ್ತಾ, ಮೇಲಿನ ಮೆಟ್ಟಿಲಿನವರ ಟೆಂಪೋ ನೆಪದಂಥ ಗುಟ್ಟನ್ನೆಲ್ಲ ಕೆಳಗಿನವರಿಗೆ ದಾಟಿಸುತ್ತಾ ಬರುತ್ತಾಳೆ. ನನಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಸುಶೀಲಳ ತೊಡೆಗೆ ತಟ್ಟಿ, "ಬೇಜಾರು ಮಾಡ್ಕೋಬೇಡ ಕಣೇ, ಸಿನಿಮಾ ತಾನೇ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ಸಾಲಿನಲ್ಲಿದ್ದವರೆಲ್ಲ ಬಗ್ಗಿ ಬಗ್ಗಿ ನನ್ನನ್ನೇ ನೋಡುತ್ತಿದ್ದರು.

ಕೊನೆಗೆ ಹೆಸರುಗಳು ಬಂದವು. ಕ್ಯಾಮೆರಾದವರು, ಲೈಟಿನವರು, ಅಡುಗೆಯವರು, ಧೂಳು ಎರಚಿದವನು, ಎಲ್ಲರೂ ಆದ ಮೇಲೆ ಪರದೆ ಪೂರ್ತಿ ಒಂದೇ ಸಾಲು: "ತಮ್ಮನ್ನೇ ಈ ಪಾತ್ರಕ್ಕೆ ಧಾರೆ ಎರೆದ ಅರಸೀಕೆರೆಯ ಗಿರಿಜಮ್ಮನವರಿಗೆ ನಮನ." ಪಕ್ಕದಲ್ಲಿ ಹಸಿರು ಸೀರೆಯ ಸ್ವರೂಪಾ, ಕೈಯಲ್ಲಿ ಚಮಚ. ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹೊಡೆದರು. ಸುಶೀಲ ಮೆತ್ತಗೆ, "ಗಿರಿಜಕ್ಕ, ಟೆಂಪೋ ವಿಷ್ಯಾನೂ ಅವರಿಗೆ ಹೇಳ್ಬುಟ್ರಾ? ನಮ್ ಅತ್ತೆಗೆ ಹುಷಾರಿಲ್ಲ ಅಂತ ನಿಮಗ್ ಗೊತ್ತಿರ್ನಿಲ್ವಾ?" ಎಂದಳು. ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ಮಾತಿಗೆ ಸ್ವಾರಸ್ಯ ಇರುತ್ತಿರಲಿಲ್ಲ.

ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ. ಅವಮಾನ ಎಂದರೆ ಸಾಮಾನ್ಯ ಅವಮಾನವೇ! ಹೊರಗೆ ಬಂದು, "ನಾನು ಹಂಗಿದೀನೇನ್ರೀ?" ಎಂದು ನಮ್ಮವರನ್ನು ಕೇಳಿದೆ. ಅವರು ಆ ದಿನ ಟಿವಿ ಆರಿಸಿ ಯೋಚನೆ ಮಾಡಿ, "ಚೆನ್ನಾಗೇ ಮಾಡವ್ಳೆ ಕಣೇ. ಮಾತು ಮಾತ್ರ ಸ್ವಲ್ಪ ಕಮ್ಮಿ ಆಯ್ತು" ಎಂದರು. ಸ್ವರೂಪಾಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಅಕ್ಕಿರೊಟ್ಟಿ ತಿನ್ನುವಾಗ ಅಕ್ಕ, ಈಗ ಯಾರೋ. ಸೀರೆಯೂ ವಾಪಸ್ ಬರಲಿಲ್ಲ.

ಈಗ ಮಧ್ಯಾಹ್ನವಾದರೆ ಎಲ್ಲರೂ ಡಬ್ಬಿ ಎತ್ತಿಕೊಂಡು ರೆಕಾರ್ಡ್ ರೂಮಿಗೆ ಹೋಗುತ್ತಾರೆ. ಯಾರೂ ಜಗಳ ಆಡಿಲ್ಲ, ಬರಬೇಡಿ ಎಂದೂ ಹೇಳಿಲ್ಲ. ಬನ್ನಿ ಎನ್ನುವುದಿಲ್ಲ, ಅಷ್ಟೇ. ಸುಮ್ಮನೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗಿನ ನಗು ನನ್ನ ಟೇಬಲ್ಲಿನವರೆಗೂ ಕೇಳುತ್ತದೆ. ನಿನ್ನೆ ಸುಶೀಲ ಹುರುಳಿಕಾಳಿನ ಬಸ್ಸಾರು ತಂದಿದ್ದಳು. ಒಗ್ಗರಣೆ ಸೀದಿದ್ದು ವಾಸನೆಯಲ್ಲೇ ಗೊತ್ತಾಯಿತು. ಎದ್ದು ಹೋಗಿ ಹೇಳೋಣ ಎನಿಸಿತು. ನನಗ್ಯಾಕೆ ಎಂದು ಕೂತೆ. ಬೇರೆ ದಾರಿಯಿಲ್ಲದೆ ನನ್ನ ಡಬ್ಬಿ ಬಿಚ್ಚಿ, ನನ್ನ ಚಿತ್ರಾನ್ನವನ್ನು ತಳದವರೆಗೂ ನಾನೇ ತಿಂದೆ. ಹಾಗೆ ತಿಂದದ್ದು ಅದೇ ಮೊದಲು, ಮುಂಚೆಯೆಲ್ಲ ಬೇರೆಯವರದ್ದು ರುಚಿ ನೋಡುವುದರಲ್ಲೇ ಹೊಟ್ಟೆ ತುಂಬುತ್ತಿತ್ತು. ಉಪ್ಪಿಲ್ಲ, ಹುಳಿಯಿಲ್ಲ, ಅನ್ನ ಮುದ್ದೆಮುದ್ದೆ, ಥೂ, ಬಾಯಿಗೆ ಇಡುವ ಹಾಗಿಲ್ಲ! ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದರಲ್ಲ, ಒಬ್ಬರಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಎಂಥ ಜನ!