ಅಡ್ಡ ನಿಲ್ಲುವ ನೌಕರಿ

ನನ್ನ ತಮ್ಮನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ: ಅಡ್ಡ ನಿಲ್ಲುವುದು. ಅದಕ್ಕೂ ಸಂಬಳ ಕೊಡುವವರು ಈ ಭೂಮಿಯ ಮೇಲೆ ಇದ್ದಾರೆಂದು ನಮಗೆಲ್ಲ ತೋರಿಸಿಕೊಟ್ಟವನೂ ಅವನೇ!

ಕೊನೆಯ ಸಲ ಅವನು ನನ್ನೆದುರು ಅಡ್ಡ ನಿಂತದ್ದು ಒಂದು ಶನಿವಾರ, ನಾನಿರುವ ದ ಹೇಗ್ ಊರಿನ ಟ್ರ್ಯಾಮಿನಲ್ಲಿ. ಇಲ್ಲಿಯ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ಒಯ್ಯಲು ನೈಮೆಗನ್‌ನಿಂದ ನನ್ನ ಮನೆಗೆ ಬಂದಿದ್ದ. ಹೆಗಲ ಮೇಲೆ ಹಿಟ್ಟಿನ ಚೀಲ, ಬಾಗಿಲ ತುಂಬ ಅವನು. ಇಳಿಯಬೇಕಾಗಿದ್ದ ಡಚ್ ಅಜ್ಜಿಯೊಬ್ಬಳು ದಾರಿ ಬಿಡಲು ಕೇಳಿದಳು. ಪಾಪ, ಇವನು ವಿನಯದಿಂದ ತಿರುಗಿದ, ಚೀಲವೂ ತಿರುಗಿತು, ಹಿಂದೆ ನಿಂತವನ ಟೋಪಿ ನೆಲಕ್ಕೆ ಬಿತ್ತು.

"ಸರೀಯೋ! ಮಂದಿ ಇಳೀಬೇಕು!" ಎಂದೆ.

"ಅಕ್ಕಾ, ಇದು ನನ್ನ ಕಸಬು. ಸೂಟಿ ದಿನಾನೂ ಪ್ರ್ಯಾಕ್ಟೀಸ್ ಬಿಡಬಾರದು."

ಆ ದಿನ ನಡೆದದ್ದು ಇಷ್ಟೇ. ಇದನ್ನು ನೆನಪಿಟ್ಟುಕೋ ಎಂದು ನನಗೆ ಯಾರೂ ಹೇಳಲಿಲ್ಲ.

ಧಾರವಾಡದಲ್ಲಿ ಹುಟ್ಟಿದ ಈ ಮನುಷ್ಯ ಚಿಪ್‌ಗಳ ಸಂಶೋಧನೆಗೆಂದು ನೈಮೆಗನ್‌ಗೆ ಬಂದವನು. ಕಣ್ಣಿಗೆ ಕಾಣದಷ್ಟು ಸಣ್ಣ ವಸ್ತುವಿನ ಮೇಲೆ ಕೆಲಸ ಮಾಡಲು ಇಷ್ಟು ದೊಡ್ಡ ಆಳು ಯಾಕೆ ಎಂದು ನಾನು ಕೇಳಿದ್ದೆ. ಬಂದ ಹೊಸತರಲ್ಲೇ ಸೈಕಲ್ಲಿನ ಹಿಂದಿನ ಗಾಲಿಯನ್ನು ಹಪ್ಪಳ ಮಾಡಿಕೊಂಡು ರಿಪೇರಿಗೆ ಒಯ್ದ. ಅಂಗಡಿಯವನು ಗಾಲಿ ನೋಡಿದ, ಇವನನ್ನು ನೋಡಿದ, ಮತ್ತೆ ಗಾಲಿ ನೋಡಿದ. "ಗುರುವಾರ ಸಂಜೆ ಮೈದಾನಕ್ಕೆ ಬಾ" ಎಂದ. ಅವನು ಊರಿನ ಅಮೆರಿಕನ್ ಫುಟ್‌ಬಾಲ್ ತಂಡದ ತರಬೇತುದಾರನಂತೆ! ಹೀಗೆ ಒಂದು ಗಾಲಿ ಕೆಟ್ಟು ಒಬ್ಬ ಲೈನ್‌ಮನ್ ಹುಟ್ಟಿದ.

ಲೈನ್‌ಮನ್ ಅಂದರೆ ಮುಂಚೂಣಿಯ ಗೋಡೆ. ಹಿಂದೆ ಚೆಂಡು ಎಸೆಯುವವನು ಇರುತ್ತಾನೆ. ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಾರೆ. ಇವನು ನಡುವೆ ನಿಂತು ತಡೆಯಬೇಕು. ಚೆಂಡು ಇವನ ಕೈಗೆ ಬರುವುದೇ ಇಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಗೋಡೆಯ ಫೋಟೋ ಯಾರು ತೆಗೆಯುತ್ತಾರೆ?

ಇದೇ ನಮ್ಮ ಅವ್ವನ ತಕರಾರು. ಧಾರವಾಡದಲ್ಲಿ ಕುಳಿತು ಮೊಬೈಲಿನಲ್ಲಿ ಪ್ರತಿ ಆಟವನ್ನೂ ನೋಡುತ್ತಿದ್ದ ಅವಳಿಗೆ ಬೇಕಾದದ್ದು ಒಂದೇ: ಮೈದಾನದಲ್ಲಿ ಮಗನ ಮುಖ. ಆಟ ಮುಗಿದ ಕೂಡಲೇ ಫೋನು.

"ಎಲ್ಲಿದ್ದಿಯೋ ನೀ? ಕಾಣವಲ್ಲಿ!"

"ಅಲ್ಲೇ ಇದ್ದೆ ಬೇ. ಎಡಗಡೆ ಎರಡನೇದವ."

"ಎಲ್ಲಾರೂ ತಲಿಗೆ ಕೊಡ ಹಾಕ್ಕೊಂಡೀರಿ, ಯಾರಂತ ತಿಳೀಬೇಕು? ಚೆಂಡ ಹಿಡ್ಕೊಂಡು ಒಮ್ಮೆ ಓಡು, ನೋಡ್ತೇನಿ."

"ನಾ ಚೆಂಡ ಮುಟ್ಟೂಹಾಂಗಿಲ್ಲ, ಅವ್ವಾ."

"ಯಾಕ? ಅಲ್ಲೂ ಮಡಿ ಮೈಲಿಗಿ ಐತೇನು?"

"ಒಂದಿನ ತೋರಸ್ತೇನಿ, ತಡೀ" ಎನ್ನುತ್ತಿದ್ದ. ಆಟ ಮುಗಿದ ಮೇಲೆ ಕ್ಯಾಮೆರಾದ ಕಡೆಗೆ ಬಂದು ಹೆಲ್ಮೆಟ್ ತೆಗೆಯುವ ಯೋಜನೆ. ಇವನು ತನ್ನ ದೇಹವನ್ನು ಎತ್ತಿಕೊಂಡು ಬರುವಷ್ಟರಲ್ಲಿ ಕ್ಯಾಮೆರಾದವನು ಬಾಡಿಗೆಯ ಸಾಮಾನು ಕಟ್ಟಿ ಮನೆಗೆ ಹೋಗಿರುತ್ತಿದ್ದ.

ಆಮೇಲೆ ಗಡಿಯಾಚೆ ಜರ್ಮನಿಯ ಒಂದು ತಂಡ ಇವನನ್ನು ಸಂಬಳಕ್ಕೆ ಕರೆಯಿತು. ಒಂದು ಸೀಸನ್ನಿನ ಕರಾರು. ಚೆನ್ನಾಗಿ ಆಡಿದರೆ ಮುಂದೆ. ಒಂದೇ ಶರತ್ತು: ಇನ್ನೂ ದಪ್ಪಗಾಗಬೇಕು. ಹುಟ್ಟಿದಾಗಿನಿಂದ ಕಡಿಮೆ ತಿನ್ನು ಎಂದು ಬೈಸಿಕೊಂಡವನಿಗೆ ಹೆಚ್ಚು ತಿನ್ನು ಎಂದು ಲಿಖಿತ ಆದೇಶ! ಮಾಂಸ ಮುಟ್ಟದವನು. ರೊಟ್ಟಿ, ಜುಣಕ, ಶೇಂಗಾ ಹಿಂಡಿಯಲ್ಲೇ ಗೋಡೆ ಏಳಬೇಕು. ಇಂಡಿಯನ್ ಅಂಗಡಿಯವನು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ಎಲ್ಲಿ ತೆಗೆದಿದ್ದೀರಿ ಮೇಡಂ, ಖಾನಾವಳಿ?" ಎಂದು ಕೇಳಿದ.

ಆಫೀಸಿನಲ್ಲಿ ವಾರದ ಕೆಲಸದ ದಿನಗಳನ್ನು ಕಡಿಮೆ ಮಾಡಿಸಿಕೊಂಡ. ಡಚ್ ಮ್ಯಾನೇಜರ್ ಕೈಕುಲುಕಿ ಶುಭ ಹಾರೈಸಿದ. ನಮ್ಮ ಕನ್ನಡ ಕೂಟದವರು ಮಾತ್ರ ಸಾವಿನ ಮನೆಗೆ ಬಂದವರ ಹಾಗೆ ನನ್ನ ಬಳಿ ಬಂದು, "ಅಷ್ಟು ಓದಿದ ಹುಡುಗ, ಯಾಕೆ ಹೀಗಾದ?" ಎಂದರು. ಚೆಸ್ ಆಡಿದ್ದರೆ ಶಾಲು ಹೊದಿಸುತ್ತಿದ್ದರು. ಇವನ ಅಳತೆಯ ಶಾಲೂ ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಆ ಸೀಸನ್ನಿನ ನಡುವೆ ಅವನ ವೃತ್ತಿಜೀವನದ ಮಹಾ ಘಟನೆ ನಡೆಯಿತು. ನಾನು ಸ್ಟೇಡಿಯಮ್ಮಿನಲ್ಲೇ ಇದ್ದೆ. ಎದುರಾಳಿಯೊಬ್ಬನನ್ನು ಇವನು ನೆಲಕ್ಕೆ ಒರಗಿಸಿದ. ಭೇಷ್! ಇನ್ನೊಬ್ಬನ ಕಡೆ ತಿರುಗುವಾಗ ಇವನ ಕಾಲು ಕೆಳಗೆ ಬಿದ್ದವನ ಭುಜಕ್ಕೆ ತಾಗಿತು. ಕಾಲು ತಾಗಿದರೆ ನಮ್ಮವರು ಏನು ಮಾಡುತ್ತಾರೆ? ಅದನ್ನೇ ಮಾಡಿದ. ಬಗ್ಗಿದ, ಆ ಜರ್ಮನ್ನನ ಭುಜ ಮುಟ್ಟಿದ, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಲು ಹೋದ. ಅಡ್ಡ ಹೆಲ್ಮೆಟ್ಟಿನ ಸರಳು! ಸರಳಿಗೇ ಒತ್ತಿಕೊಂಡ. ಅಷ್ಟರಲ್ಲಿ ಆ ಇನ್ನೊಬ್ಬ ಇವನ ಪಕ್ಕದಿಂದ ಹಾದು ಹೋಗಿ, ಚೆಂಡು ಎಸೆಯುವವನನ್ನು ಅಂಗಾತ ಮಲಗಿಸಿದ್ದ.

ಇವನ ಜರ್ಮನ್ ತಂಡದ ತರಬೇತುದಾರ ಗಂಟಲು ಹರಿಯುವಂತೆ ಕೂಗಿದ: "ಹುಲ್ಲಿನಲ್ಲಿ ಏನು ಹುಡುಕುತ್ತಿದ್ದೆ?"

"ಕಾಲು ತಾಗಿತು, ಸರ್."

"ಕಾಲು ತಾಗಲಿ ಅಂತಲೇ ನಿನಗೆ ಸಂಬಳ!"

ಕ್ಯಾಮೆರಾ ಅಂದು ಮೊದಲ ಬಾರಿಗೆ ಇವನ ಮೇಲಿತ್ತು. ಆದರೆ ಹಿಂದಿನಿಂದ! ಬಗ್ಗಿದ ಆ ಭವ್ಯ ದೃಶ್ಯವನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಅವ್ವನ ಫೋನು ಬಂತು.

"ಕಂಡಿ ಬಿಡೋ! ಆದ್ರ ತಿರುಗಿ ನಿಲ್ಲಬಾರದೇನು?"

ಅಲ್ಲಿಂದ ಸೀಸನ್ ಮುಗಿಯುವ ತನಕ ಬೆಂಚು. ಕರಾರು ಮುಂದುವರಿಯಲಿಲ್ಲ. ಸೈಕಲ್ ಅಂಗಡಿಯವನ ತಂಡಕ್ಕೆ ಮರಳಿದ. ಬೇಜಾರಾಯಿತೇನೋ ಎಂದು ಕೇಳಿದ್ದಕ್ಕೆ, "ಮುಖಾ ತೋರಸೂದು ಉಳೀತು, ಅಷ್ಟ" ಎಂದ. ಈ ವರ್ಷ ಖಂಡಿತ ಎಂದು ಅವ್ವನಿಗೆ ಮತ್ತೆ ಮಾತು ಕೊಟ್ಟ.

ಟ್ರ್ಯಾಮಿನ ಆ ಶನಿವಾರ ಕಳೆದು ಮಂಗಳವಾರ ಬೆಳಿಗ್ಗೆ, ಆಫೀಸಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗ ಅವನ ಹೃದಯ ನಿಂತಿತು. ಅಷ್ಟು ದೊಡ್ಡ ಆಳು ಯಾರಿಗೂ ತೊಂದರೆ ಕೊಡದೆ ಹೋದ. ಕೂಟದವರು ಶೋಕಸಭೆ ಮಾಡಿ "ನಮ್ಮ ಹೆಮ್ಮೆಯ ಕ್ರೀಡಾಪಟು" ಎಂದರು.

ಈಗ ಅವನ ಜೊತೆ ಆಡಿದವರು ತಮ್ಮಲ್ಲಿರುವ ವಿಡಿಯೋಗಳನ್ನೆಲ್ಲ ನನಗೆ ಕಳಿಸುತ್ತಾರೆ. ರವಿವಾರ ನಾನು ಇಲ್ಲಿಂದ, ಅವ್ವ ಅಲ್ಲಿಂದ ಒಟ್ಟಿಗೆ ನೋಡುತ್ತೇವೆ. ಚೆಂಡು ಎಲ್ಲಿಗೆ ಹೋಯಿತೆಂದು ನಮಗಿಬ್ಬರಿಗೂ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಒಂದು ಮೊಣಕೈ ಹಾದುಹೋದರೆ, "ಅವನಽ ಅದು, ನಿಲ್ಲಸು" ಎನ್ನುತ್ತಾಳೆ. ನಿಲ್ಲಿಸುತ್ತೇನೆ. ಅವನ ಬೆನ್ನು ಸಿಕ್ಕಿದೆ, ಭುಜ ಸಿಕ್ಕಿದೆ, ಯಾರನ್ನೋ ಎಬ್ಬಿಸಲು ಚಾಚಿದ ಕೈ ಸಿಕ್ಕಿದೆ.

ಮುಖ ಇನ್ನೂ ಸಿಕ್ಕಿಲ್ಲ.