ಉಜ್ಜಪ್ಪನು ಊಟದ ಡಬ್ಬಿ ಹಿಂದಿರುಗಿಸಿದ ಮಹಾಪ್ರಸಂಗ

ಹತ್ತಿ ಗಿರಣಿಗಳ ಕೂಗು ನಿಂತು, ಚಹಾದಂಗಡಿಗಳಲ್ಲಿ ಉದ್ದರಿಯೂ ಹುಟ್ಟದಂತಾದ ಆ ಘೋರ ಯುಗದಲ್ಲಿ, ದಾವಣಗೆರೆಯ ದರೋಡೆಕುಲತಿಲಕನೂ ತಿಜೋರಿಗರ್ವಭಂಜಕನೂ ಆದ ಉಜ್ಜಪ್ಪನ ಕೀರ್ತಿಯನ್ನು ಹಾಡಲು, ತಾಯಿ ವಾಗ್ದೇವಿ, ಈ ಬಡ ನಾಲಗೆಗೆ ಬಲ ಕೊಡು. ಹೆಚ್ಚೇನೂ ಬೇಡ, ಅವನು ಮಾಡಿದ್ದೂ ಹೆಚ್ಚೇನಿಲ್ಲ.

ಗಿರಣಿ ಮುಚ್ಚಿದಂದಿನಿಂದ ಊರಲ್ಲಿ ಒಬ್ಬರೂ ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಆ ವೀರನಿಗೆ ಹಸಿವಿಗಿಂತ ಅದೇ ದೊಡ್ಡ ಸಂಕಟ. ಒಂದು ಮಧ್ಯಾಹ್ನ ಮುಖಕ್ಕೆ ಟವೆಲು ಸುತ್ತಿ, ನೂಲು ಸುತ್ತುವ ಮರದ ಬಾಬಿನ್ನನ್ನು ಪಿಸ್ತೂಲಿನಂತೆ ಅಂಗಿಯೊಳಗೆ ಹಿಡಿದು, ಸಹಕಾರಿ ಬ್ಯಾಂಕನ್ನು ಹೊಕ್ಕು ಗರ್ಜಿಸಿದನು: "ಎಲೈ ಧನರಕ್ಷಕರಿರಾ! ಗಿರಣಿಯಲ್ಲಿ ನೂಲು ತೆಗೆಯುವ ಸಾವಿರ ಕದಿರುಗಳನ್ನು ಒಂಟಿಯಾಗಿ ಆಳಿದ ಭುಜವಿದು! ಅಲುಗಾಡಿದಿರೋ, ಕೆಟ್ಟಿರಿ!" ಕ್ಯಾಶಿಯರ್ ಶಾಂತವೀರಯ್ಯ ನಡುಗುತ್ತಾ ಕೈಗೆ ಸಿಕ್ಕ ಚೀಲವನ್ನು ಒಪ್ಪಿಸಿದನು. ಅದರಲ್ಲಿದ್ದದ್ದು ಕ್ಯಾಶಿಯರನ ಊಟದ ಡಬ್ಬಿ.

ಮರುದಿನದ ಪತ್ರಿಕೆಯಲ್ಲಿ, ಏಳಡಿಯ ರಕ್ಕಸನೊಬ್ಬ ಇಡೀ ತಿಜೋರಿಯನ್ನೇ ಬರಿದು ಮಾಡಿದನೆಂದು ಮ್ಯಾನೇಜರರು ಕಣ್ಣೀರಿಟ್ಟಿದ್ದರು. ಅದು ಬರಿದಾಗಿದ್ದು ಯಾವಾಗ, ಯಾರಿಂದ ಎಂಬುದು ಅವರಿಗಷ್ಟೇ ಗೊತ್ತು. ವಾರವೆಲ್ಲ ಊರ ತುಂಬ ರಕ್ಕಸನದೇ ಮಾತು. ಚಹಾದಂಗಡಿಯ ಮೂಲೆಯಲ್ಲಿ ಕೂತ ಉಜ್ಜಪ್ಪ ಕೇಳಿ ಕೇಳಿ ಉಬ್ಬಿದನು, ಆದರೆ ಆ ಮಾತಿನಲ್ಲೆಲ್ಲೂ ಅವನ ಹೆಸರಿರಲಿಲ್ಲ.

ಮನೆಯಲ್ಲಿ ಹೆಂಡತಿ ಸಾಕಮ್ಮ ಡಬ್ಬಿಯ ಮೇಲೆ ಕೊರೆಸಿದ್ದ ಅಕ್ಷರ ಓದಿದಳು. "ಸರ್ವಮಂಗಳಾ ಶಾಂತವೀರಯ್ಯ ಅಂತ ಐತಿ. ಪಾಪ, ಯಾರೋ ಹೆಣ್ಮಗಳು ತವರಿಂದ ತಂದಿದ್ದು. ಕೊಟ್ಟು ಬರ್ರಿ."

"ಊರೇ ನಡುಗೋ ಗಂಡಸು, ಡಬ್ಬಿ ಹೊತ್ಕೊಂಡು ಹೋಗ್ಲೇನು?"

"ನಡುಗೋರು ನಡುಗ್ಲಿ. ಖಾಲಿ ಡಬ್ಬಿ ವಾಪಸ್ ಕೊಡಬಾರ್ದು ಅಂತ ಮಂಡಕ್ಕಿ ತುಂಬೀನಿ. ಚೆಲ್ಲಬ್ಯಾಡ್ರಿ."

ಹೋದನು. ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, ಜೈಲಾದರೂ ಆಗಲಿ, ಹೆಸರು ತನ್ನದಾಗಲಿ ಎಂದು ಎದೆ ಸೆಟೆಸಿ ಕೂಗಿದನು: "ದರೋಡೆ ಮಾಡ್ದೋನು ನಾನು! ಉಜ್ಜಪ್ಪ!"

ಮ್ಯಾನೇಜರರ ಮುಖ ಬಿಳಿಚಿತು. ಡಬ್ಬಿಗಳ್ಳ ಸಿಕ್ಕಿಬಿದ್ದರೆ ತಿಜೋರಿಗೆ ಉತ್ತರ ಹೇಳುವವರು ಯಾರು? "ಛೇ, ಆ ದರೋಡೆಕೋರ ಏಳಡಿ ಇದ್ದ. ನೀನ್ಯಾರಪ್ಪ? ನಡಿ, ನಡಿ!"

ಭುವನಭಯಂಕರನ ಕಣ್ಣು ತುಂಬಿತು. ಮೆಟ್ಟಿಲು ಇಳಿಯುತ್ತಿರುವಾಗ ಹಿಂದಿನಿಂದ ಕ್ಯಾಶಿಯರನ ದನಿ ಕೇಳಿತು.

"ಉಜ್ಜಪ್ಪನೋರೇ!"

ಎಷ್ಟು ಕಾಲವಾಗಿತ್ತು ಆ ಹೆಸರು ಕೇಳಿ! ವೀರನು ತಿರುಗಿ ನಿಂತನು. ಶಾಂತವೀರಯ್ಯ ಮಂಡಕ್ಕಿ ಮುಕ್ಕುತ್ತಾ ಡಬ್ಬಿಯೊಳಗೆ ಇಣುಕುತ್ತಿದ್ದನು.

"ಇದ್ರಾಗ ಸಣ್ಣ ಚಟ್ನಿಪುಡಿ ಡಬ್ಬಿ ಒಂದಿತ್ತಲ್ರಿ? ಮನ್ಯಾಗ ದಿನಾ ಬೈತಾಳ್ರೀ."

"ಈಗ್ಲೇ ತಂದೆ, ಸ್ವಾಮಿ!" ಎಂದು ಉಜ್ಜಪ್ಪ ಸಂಭ್ರಮದಿಂದ ಮನೆಗೆ ಓಡಿದನು.