ಸಂಜೆಯಾದರೆ ಮುದುಡುವ ಮೀನುಗಳು

"ಈ ಹಾಲ್‌ನಲ್ಲಿ ನಾನೊಂದು ಕಾಡುನದಿಯನ್ನೇ ಹರಿಸುತ್ತೇನೆ!" ಎಂದು ಒಂದು ಭಾನುವಾರ ಘೋಷಿಸಿದೆ.

"ಮೊದ್ಲು ಬಚ್ಚಲಲ್ಲಿ ಹರೀತಿರೋ ನಲ್ಲಿ ನಿಲ್ಸಿ," ಎಂದಳು ಹೆಂಡತಿ.

ಅಂಥ ಮಾತಿಗೆಲ್ಲ ಜಗ್ಗುವ ಆಸಾಮಿ ನಾನಲ್ಲ. ದೊಡ್ಡ ಗಾಜಿನ ತೊಟ್ಟಿ, ಅದರೊಳಗೆ ನಿಜವಾದ ಗಿಡಗಳು, ಗಿಡಗಳ ನಡುವೆ ಬೆಚ್ಚನೆಯ ನೀರಲ್ಲೇ ಬದುಕುವ ಬಣ್ಣದ ಮೀನುಗಳು! ಆದರೆ ತೊಟ್ಟಿ ಹಿಡಿಸುವ ಮೂಲೆ ಮನೆಯಲ್ಲಿ ಒಂದೇ ಇತ್ತು. ಅಲ್ಲಿ ಅವಳ ಹೊಲಿಗೆ ಮಷೀನು ಕೂತಿತ್ತು. ಗೋಗರೆದ ಮೇಲೆ ಅದನ್ನು ಒಳಕೋಣೆಗೆ ಸಾಗಿಸಲು ಒಪ್ಪಿದಳು, ಒಂದು ಷರತ್ತಿನ ಮೇಲೆ.

"ಮೀನಿಗೇನಾದ್ರೂ ಆಯ್ತೋ, ನನ್ನ ಮಷೀನು ವಾಪಸ್ ಹಾಲ್‌ಗೆ, ನಿಮ್ಮ ಆರಾಮಕುರ್ಚಿ ಅಟ್ಟಕ್ಕೆ."

"ಆಗಲಿ!" ಎಂದೆ, ಅದೇ ಕುರ್ಚಿಯಲ್ಲಿ ಒರಗಿಕೊಂಡು.

ಮರಳು ತೊಳೆದೆ. ಬಕೆಟ್ಟಿನ ನೀರು ತಿಳಿಯಾಗುವಷ್ಟರಲ್ಲಿ ಸೊಂಟ ಕೈಕೊಟ್ಟಿತು. ಗಿಡ ನೆಟ್ಟು ಕೈ ತೆಗೆದದ್ದೇ ತಡ, ಮೇಲಕ್ಕೆದ್ದು ತೇಲಿತು. ಹೆಂಡತಿಯ ಹುಬ್ಬು ತೀಡುವ ಚಿಮುಟ ಕದ್ದು ಒಂದೊಂದಾಗಿ ಮತ್ತೆ ಊರಿದೆ. ನೀರು ಕಾಯಿಸುವ ಹೀಟರಿನ ವೈರನ್ನು ಬಾಗಿಲ ಪಕ್ಕದ ಬೋರ್ಡಿಗೆ, ದೀಪ ಮತ್ತು ಫ್ಯಾನಿನ ಸ್ವಿಚ್ಚುಗಳ ಸಾಲಿಗೆ ಎಳೆದೆ. ಮೀನು ಬಿಡುವ ಮೊದಲು ನೀರು ಕೆಲವು ವಾರ ಹದಕ್ಕೆ ಬರಬೇಕು ಎಂದು ಅಂಗಡಿಯವನು ಹೇಳಿದ್ದರಿಂದ ಸುಮ್ಮನೆ ಕಾದೆ. ಮನೆಗೆ ಬಂದವರು "ಮೀನೆಲ್ಲಿ?" ಎಂದರೆ ಹೆಂಡತಿಯೇ ಉತ್ತರಿಸುತ್ತಿದ್ದಳು: "ಇವ್ರು ಸದ್ಯಕ್ಕೆ ನೀರು ಸಾಕ್ತಿದ್ದಾರೆ."

ಕಡೆಗೂ ಟೆಟ್ರಾ ಮೀನುಗಳ ದಂಡು ಬಂದಿಳಿಯಿತು. ಒಂದೊಂದರ ಮೈಮೇಲೂ ನೀಲಿ ಗೆರೆ, ಕೆಳಗೆ ಕೆಂಪು! ಬೆಳಗ್ಗೆ ಅವುಗಳ ಓಡಾಟ ನೋಡುತ್ತ ನಾನು ಎರಡೆರಡು ಸಲ ಕಾಫಿ ಕುಡಿದೆ. ಆದರೆ ಚಳಿ ಶುರುವಾದ ಮೇಲೆ, ಸಂಜೆ ಆಫೀಸಿನಿಂದ ಬಂದರೆ ಎಲ್ಲವೂ ಗಿಡದ ಬುಡದಲ್ಲಿ ಬಣ್ಣಗೆಟ್ಟು ಮುದುಡಿ ಕೂತಿರುತ್ತಿದ್ದವು. ಬೆಳಗಾದರೆ ಮತ್ತೆ ಚೂಟಿ. ಕುರ್ಚಿ ಹಾಳಾಗಿ ಹೋಗಲಿ, ಆ ಪುಟ್ಟ ಮುಖಗಳನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

"ಗೊತ್ತಾಯ್ತು ಕಣೇ, ನಾನು ಆಫೀಸಿಗೆ ಹೋದ್ರೆ ಅವಕ್ಕೆ ಬೇಜಾರು!"

"ಮದ್ವೆಯಾಗಿ ಇಷ್ಟು ವರ್ಷ ಆಯ್ತು. ನಂಗೆ ಒಂದು ದಿನಾನೂ ಹಾಗಾಗಿಲ್ಲ."

ಒಂದು ಸಂಜೆ ಮಗಳು ನನಗಿಂತ ಮೊದಲು ಕಾಲೇಜಿನಿಂದ ಬಂದಿದ್ದಳು. ನಾನು ಒಳಗೆ ಕಾಲಿಡುತ್ತಲೇ ವರದಿ ಒಪ್ಪಿಸಿದಳು: "ಅಪ್ಪಾ, ನೀರು ತಣ್ಣಗೆ ಕೊರೀತಿತ್ತು. ಹೀಟರ್ ಸ್ವಿಚ್ ಆಫ್ ಆಗಿತ್ತು. ಈಗಷ್ಟೇ ಹಾಕ್ದೆ."

ನನ್ನ ಪಿತ್ತ ನೆತ್ತಿಗೇರಿತು. ಇಬ್ಬರನ್ನೂ ತೊಟ್ಟಿಯ ಮುಂದೆ ನಿಲ್ಲಿಸಿ ವಿಚಾರಣೆ ಆರಂಭಿಸಿದೆ.

"ಯಾರ ಕೆಲಸ ಇದು? ಮಾತಾಡೋಕೆ ಬಾಯಿಲ್ಲದ ಜೀವಗಳು! ಇವುಗಳ ಶತ್ರು ಈ ಮನೆಯಲ್ಲೇ ಇದ್ದಾರೆ!"

"ಕೋಣೆಯಿಂದ ಹೊರಡೋರು ಎಲ್ಲಾ ಸ್ವಿಚ್ ಆರಿಸಬೇಕು ಅಂತ ಕಾನೂನು ಮಾಡಿದ್ದು ಯಾರು?" ಎಂದಳು ಹೆಂಡತಿ.

"ಕಾನೂನು ಬೇರೆ, ವಿವೇಕ ಬೇರೆ! ಅಷ್ಟೂ ತಿಳಿಯಲ್ವಾ? ನಾನೀಗ ಅಂಗಡಿಯವನ ಹತ್ರ ಔಷಧಿ ಕೇಳ್ಕೊಂಡು ಬರ್ತೀನಿ. ಬರೋದ್ರೊಳಗೆ ತಪ್ಪಿತಸ್ಥರು ಒಪ್ಕೋಬೇಕು!"

ಚಪ್ಪಲಿ ಮೆಟ್ಟಿ ಗಂಭೀರವಾಗಿ ಹೊರಟೆ. ಬಾಗಿಲು ದಾಟುವಾಗ ನನ್ನ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ಬೋರ್ಡಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಸಲಕ್ಕೆ ಬೀಸಿತು. ಟಪ್, ಟಪ್, ಟಪ್.

ದೀಪ ಆರಿತು. ಫ್ಯಾನು ನಿಂತಿತು. ಕತ್ತಲಲ್ಲಿ ಮಗಳ ದನಿ ಕೇಳಿತು: "ಅಮ್ಮಾ, ಒಪ್ಕೊಂಡ್ರು."

ಸಂಜೆ ಒಳಗೆ ಬರುವಾಗಲೂ ಅದೇ ಕೈ ಎಲ್ಲವನ್ನೂ ಒಟ್ಟಿಗೆ ಹಾಕಿಬಿಡುತ್ತಿತ್ತಂತೆ. ಹಾಗಾಗಿಯೇ ಹೀಟರ್ ಹಗಲೆಲ್ಲ ಆರಿರುತ್ತಿದ್ದದ್ದು ಇಷ್ಟು ದಿನ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಒಂದು ಮೀನೂ ಸತ್ತಿಲ್ವಲ್ಲ!" ಎಂದು ಗೊಣಗಿದೆ.

"ಸತ್ರೆ ಅಂತ ಎಲ್ಲಿ ಹೇಳಿದ್ದೆ? ಏನಾದ್ರೂ ಆದ್ರೆ ಅಂದಿದ್ದೆ."

ಈಗ ಕುರ್ಚಿ ಅಟ್ಟದಲ್ಲಿದೆ. ಅದಿದ್ದ ಜಾಗದಲ್ಲಿ, ತೊಟ್ಟಿಯ ಪಕ್ಕದಲ್ಲೇ, ಮಷೀನು ಬಂದು ಕೂತಿದೆ. ಮೀನುಗಳು ದಿನವಿಡೀ ಚೂಟಿಯಾಗಿವೆ. ಅಲ್ಲಿ ಅವಳು ಹೊಲಿದ ಮೊದಲ ವಸ್ತುವೇ ಹೀಟರಿನ ಸ್ವಿಚ್ಚಿಗೆ ಒಂದು ಪುಟ್ಟ ಚೀಲ. ಮಗಳು ಕೆಂಪು ದಾರದಲ್ಲಿ ಅದರ ಮೇಲೆ ಕಸೂತಿ ಹಾಕಿದ್ದಾಳೆ: "ಅಪ್ಪನನ್ನು ಬಿಟ್ಟು ಯಾರು ಬೇಕಾದರೂ ಮುಟ್ಟಬಹುದು."